ಹಳೆ ಅಂಬಾಸಿಡರ್ ಇರುವವರೇ, ಆಯಿಲ್ ಲೀಕ್ ನಿಂತಿತು ಎಂದು ಖುಷಿಪಡಬೇಡಿ

ಕೊಡಗಿನಲ್ಲಿ ಹಳೆ ಅಂಬಾಸಿಡರ್ ಓಡಿಸುವವರು ಇನ್ನೂ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಮಾರ್ಕ್ 2, ಅದೇ 1489 ಸಿಸಿ ಪೆಟ್ರೋಲ್ ಎಂಜಿನ್. ನಿಲ್ಲಿಸಿದಲ್ಲೆಲ್ಲ ಆಯಿಲ್ ಸೋರುತ್ತಿತ್ತು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ, ಕ್ಲಚ್, ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಎಲ್ಲ ಬಿಚ್ಚಿ ಜೋಡಿಸಿ ಕೊಟ್ಟರು. ಸೋರುವುದು ಪೂರ್ತಿ ನಿಂತಿತು. ಬಿಲ್ಲೂ ಹಾಗೇ ಇತ್ತು ಬಿಡಿ.

ಸಂಪಾಜೆ ಘಾಟಿಯಲ್ಲಿ ಬಣ್ಣ ಬಯಲಾಯಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಹತ್ತುವುದಿಲ್ಲ. ಕ್ಲಚ್ ಸುಟ್ಟ ವಾಸನೆ. ಮಳೆ ಬೇರೆ, ಹಿಂದೆ ಲಾರಿಗಳ ಸಾಲು. ಮಡಿಕೇರಿಗೆ ಎಳೆಸಿಕೊಂಡು ಹೋಗಿ, ಬೇರೆ ಮೇಸ್ತ್ರಿಯ ಕೈಯಲ್ಲಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಯಿತು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ, ಅಂದರೆ ಬೆಲ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಸ್ಪ್ಲಿಟ್ ಪಿನ್ ಅಲ್ಲಾಡುತ್ತಿರಬೇಕು. ಒಳಗೆ ಬಿದ್ದ ಆಯಿಲ್ ಹೊರಗೆ ಹೋಗಲಿ ಎಂದೇ ಅದನ್ನು ಬಿಟ್ಟಿರುವುದು. ಮೊದಲ ಗ್ಯಾರೇಜಿನ ಪುಣ್ಯಾತ್ಮರು ಅದಕ್ಕೆ ಎಂ-ಸೀಲ್ ಮೆತ್ತಿದ್ದರು! ಆಯಿಲ್ ಒಳಗೇ ನಿಂತು, ಫ್ಲೈವೀಲ್ ಅದನ್ನು ಎರಚಿ, ಕ್ಲಚ್ ಪ್ಲೇಟ್ ಪೂರ್ತಿ ನೆನೆದಿತ್ತು. ಆ ಪ್ಲೇಟೂ ಹಳೆಯದೇ. ಪೆಟ್ರೋಲಿನಲ್ಲಿ ತೊಳೆದು ಎಮರಿ ಪೇಪರ್ ಉಜ್ಜಿ ಹಾಕಿದ್ದರು. ಆಯಿಲ್ ಕುಡಿದ ಲೈನಿಂಗ್ (ಪ್ಲೇಟಿನ ಉಜ್ಜುವ ಪದರ) ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಬಿಸಿಯಾದಾಗ ಮತ್ತೆ ಕಕ್ಕುತ್ತದೆ. ಅದನ್ನು ಎಸೆಯುವುದೇ ಸರಿ.

ಇನ್ನು ಬಿಲ್ಲಿನಲ್ಲಿ ‘ಕ್ರ್ಯಾಂಕ್ ಬ್ಯಾಕ್ ಸೀಲ್’ ಅಂತ ಬರೆದಿತ್ತು. ಕಂಪನಿಯಿಂದ ಬಂದ ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಹಿಂದೆ ರಬ್ಬರ್ ಸೀಲೇ ಇಲ್ಲ! ಶಾಫ್ಟ್ ಮೇಲೆ ಸ್ಕ್ರೂವಿನ ಸುತ್ತುಗೆರೆಯಂಥ ಗೀರು ಇರುತ್ತದೆ. ಅದು ತಿರುಗುವಾಗ ಆಯಿಲನ್ನು ವಾಪಸ್ ಒಳಕ್ಕೆ ತಳ್ಳುತ್ತದೆ, ಅಷ್ಟೆ. ಹಾಗಾಗಿ ನಿಲ್ಲಿಸಿದಾಗ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ. ಜಾಸ್ತಿ ಬಂದರೆ ಮೊದಲು ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ನೋಡಿಸಿ. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರಿ ಆಯಿಲ್ ಹಿಂದಿನಿಂದ ನುಗ್ಗುತ್ತದೆ. ನಮ್ಮದರಲ್ಲಿ ಪೈಪ್ ತುಂಬ ಕರಿ ಜಿಡ್ಡು. ಯಾರೂ ಮುಟ್ಟಿರಲಿಲ್ಲ.

ಕೇಳಿದ್ದಕ್ಕೆ ಗ್ಯಾರೇಜಿನವರ ಉತ್ತರ: ‘ಲೀಕ್ ನಿಲ್ಲಿಸಿ ಅಂದ್ರಿ, ನಿಲ್ಲಿಸಿದ್ದೀವಲ್ಲ ಸಾರ್?’

ಗೇರ್‌ಬಾಕ್ಸ್ ವಾಪಸ್ ಜೋಡಿಸಿದ ಮೇಲೆ ಒಳಗಿನದ್ದು ಏನೂ ಕಾಣಿಸುವುದಿಲ್ಲ. ಹಾಗಾಗಿ ಅದಕ್ಕೆ ಮುಂಚೆಯೇ ಹೋಗಿ ನಿಂತುಕೊಳ್ಳಿ. ಸುಮ್ನೆ ಟೀ ಕುಡಿಯುತ್ತಾ ನೋಡಿದರೂ ಸಾಕು. ಫ್ಲೈವೀಲ್ ಕೂರುವ ಜಾಗ ಚೊಕ್ಕಟವಾಗಿರಬೇಕು, ಕೊಳೆ ಉಳಿದರೆ ಅದು ಓಲಾಡುತ್ತದೆ. ಅದರ ಬೋಲ್ಟುಗಳಿಗೆ ಹೊಸ ಲಾಕ್ ವಾಷರ್ ಹಾಕಿಸಿ. ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಉಬ್ಬಿದ ಮುಖ ಗೇರ್‌ಬಾಕ್ಸ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಅದು ಫ್ಲೈವೀಲ್ ಬೋಲ್ಟುಗಳಿಗೆ ತಗಲಿ ಕ್ಲಚ್ ಬಿಡುವುದೇ ಇಲ್ಲ. ಮಡಿಕೇರಿಯ ಮೇಸ್ತ್ರಿ ಒಂದು ಹಳೆ ಇನ್‌ಪುಟ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಕ್ಲಚ್ಚಿಗೆ ಬರುವ ದಂಡ) ತೂರಿಸಿ ಪ್ಲೇಟನ್ನು ಮಧ್ಯಕ್ಕೆ ತಂದು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಬೆರಳಿಗೆ ಅಂಟುವಷ್ಟೇ. ಜಾಸ್ತಿಯಾದರೆ ಅದೂ ಪ್ಲೇಟಿಗೇ ಹಾರುತ್ತದೆ. ಗೇರ್‌ಬಾಕ್ಸ್ ಸೇರಿಸುವಾಗ ಕೆಳಗೆ ಜ್ಯಾಕ್ ಇರಲೇಬೇಕು, ಅದರ ಭಾರ ಪ್ಲೇಟಿನ ಮೇಲೆ ನೇತಾಡಿದರೆ ನಡುವಿನ ಹಬ್ ಸೊಟ್ಟಗಾಗುತ್ತದೆ.

ಈಗಾಗಲೇ ಕೆಲಸ ಮುಗಿದಿದ್ದರೆ ಕಾರಿನಡಿ ಟಾರ್ಚ್ ಬಿಟ್ಟು ಆ ಪಿನ್ ಅಲ್ಲಾಡುತ್ತದಾ ನೋಡಿ. ಬಿಲ್ಲಿನಲ್ಲಿ ಬ್ಯಾಕ್ ಸೀಲ್ ಅಂತ ಇದ್ದರೆ ಹಳೆ ಸೀಲ್ ತೋರಿಸಿ ಅನ್ನಿ. ಏನು ತಂದು ತೋರಿಸುತ್ತಾರೋ ನನಗೂ ನೋಡುವ ಆಸೆ.