‘ಹಳೆ ವಿಂಡೋಸನ್ನೇ ಹಾಕಿ ಕೊಡ್ತೇನೆ’ ಅಂದರೆ ಒಮ್ಮೆ ನಿಲ್ಲಿ

“ಅಕ್ಕಾ, ಕಾಗದ ಚಂದ ಆಗಿದೆ. ಆದ್ರೆ ಬಲಗಡೆ ಮೂಲೆಯ ಆ ಇಂಗ್ಲಿಷ್ ಅಕ್ಷರ ಮಾತ್ರ ಬೇಡ.”

2024ರ ಮೇ ಮೊದಲ ವಾರ. ಮಗಳ ಮದುವೆ ಕಾಗದದ ಪ್ರೂಫ್ ನೋಡಲು ಬಂದವರು ನನ್ನ ಸ್ಕ್ರೀನಿಗೆ ಬೆರಳು ತೋರಿಸಿ ಹೀಗೆ ಹೇಳಿದರು. ನೋಡಿದರೆ ಬೂದು ಬಣ್ಣದಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಅಂತ ಮೂಡಿದೆ. ಅದು ಕಾಗದದಲ್ಲಿ ಬರುವುದಿಲ್ಲ, ಕಂಪ್ಯೂಟರಿನದ್ದು ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಇಲ್ಲ. ಕೊನೆಗೆ ಒಂದು ಪ್ರತಿ ಪ್ರಿಂಟ್ ತೆಗೆದು ಕೈಗೆ ಕೊಟ್ಟ ಮೇಲೆ ಹೊರಟರು. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಆರು ತಿಂಗಳ ಹಿಂದಷ್ಟೇ ದುಡ್ಡು ಕೊಟ್ಟು ಮಾಡಿಸಿದ ಕೆಲಸ ಅದು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಜೊತೆಗೆ ಜೆರಾಕ್ಸ್, ಲ್ಯಾಮಿನೇಶನ್, ಪಿಎಸ್‌ಸಿ ಅರ್ಜಿ ತುಂಬಿಸಿ ಕೊಡುವುದು. ಮಲಯಾಳದಲ್ಲಿ ಬಂದ ಫಾರ್ಮು ಹಿಡಿದುಕೊಂಡು ಕನ್ನಡದವರು ನನ್ನಲ್ಲಿಗೇ ಬರುತ್ತಾರೆ. 2017ರಲ್ಲಿ ಡೆಸ್ಕ್‌ಟಾಪ್ ಕಟ್ಟಿಸುವಾಗ ವಿಂಡೋಸ್ 10 ಹೋಮ್ ಪೆಟ್ಟಿಗೆಯನ್ನು ಬಿಲ್ ಸಮೇತ ತೆಗೆದುಕೊಂಡಿದ್ದೆ. ಅದಕ್ಕೆ ಎಷ್ಟು ಸುರಿಯಬೇಕಾಯಿತು ಅಂತ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಗ ಎಲ್ಲರೂ ನಕ್ಕಿದ್ದರು, ಸುಮ್ನೆ ದುಡ್ಡು ದಂಡ ಅಂತ.

ಅದು ಆರು ವರ್ಷ ಚೆನ್ನಾಗಿಯೇ ನಡೆಯಿತು. 2023ರ ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಒಂದು ಸಂಜೆ ಸಿಡಿಲು ಬಡಿಯಿತು. ನಮ್ಮ ಕಡೆಯ ತುಲಾ ತಿಂಗಳ ಗುಡುಗು ಗೊತ್ತಲ್ವಾ, ಪ್ಲಗ್ ತೆಗೆಯುವಷ್ಟೂ ಪುರುಸೊತ್ತು ಕೊಡುವುದಿಲ್ಲ. ಮದರ್‌ಬೋರ್ಡ್ ಸುಟ್ಟಿತು. ಹಾರ್ಡ್‌ಡಿಸ್ಕ್ ಪುಣ್ಯಕ್ಕೆ ಉಳಿಯಿತು.

ಪೇಟೆಯ ಒಂದು ಅಂಗಡಿಗೆ ಹೋದೆ. ಯಾವುದು ಅಂತ ಬರೆಯುವುದಿಲ್ಲ. ಹೊಸ ಯಂತ್ರ ಕಟ್ಟಿ ಕೊಡಲು ಹೇಳಿ, ನನ್ನ ಹತ್ತಿರ ಒರಿಜಿನಲ್ ವಿಂಡೋಸ್ ಉಂಟು, ಅದನ್ನೇ ಇದಕ್ಕೆ ಹಾಕಲು ಆಗ್ತದಾ ಅಂತ ಕೇಳಿದೆ.

“ಅಕ್ಕ, ನೀವು ಟೆನ್ಶನ್ ಮಾಡ್ಬೇಡಿ. ಹಳೇದನ್ನೇ ಇದಕ್ಕೆ ಟ್ರಾನ್ಸ್‌ಫರ್ ಮಾಡಿ ಕೊಡ್ತೇನೆ. ಸಾವಿರದ ಐನೂರು ಆಗ್ತದೆ.”

ನನ್ನ ಕೀ, ಅಂದರೆ ಲೈಸೆನ್ಸಿನ ಗುಟ್ಟಿನ ಅಕ್ಷರಗಳು, ಯಾವುದು, ಅದು ಇರುವ ಕಾರ್ಡ್ ಎಲ್ಲಿ ಅಂತ ಆ ಹುಡುಗ ಒಂದು ಮಾತು ಕೇಳಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ಮನೆಯ ಕೀಲಿಕೈ ಕೇಳದೆ ಬೀಗ ತೆಗೆದು ಕೊಡ್ತೇನೆ ಅಂದ ಹಾಗೆ ಅದು. ನಾನು ತಲೆಯಾಡಿಸಿದೆ. ಹಳೆಯ ಸಿಪಿಯು ಎಕ್ಸ್‌ಚೇಂಜಿಗೆ ಬಿಟ್ಟೆ. ಫೈಲುಗಳನ್ನು ಹೊಸದಕ್ಕೆ ಹಾಕಿ ಕೊಟ್ಟರು. ಹಾರ್ಡ್‌ಡಿಸ್ಕ್ ಕೇಳಿ ತರಲೂ ನೆನಪಾಗಲಿಲ್ಲ. ಹೊಸದರಲ್ಲಿ ವಿಂಡೋಸ್ 11 ಪ್ರೊ ಅಂತ ಬಂತು. ಮನೆಬಳಕೆಯ ಹೋಮ್ ಹೋಗಿ ಅದಕ್ಕಿಂತ ಮೇಲಿನ ಪ್ರೊ ಆದದ್ದಕ್ಕೆ ನಾನು ಖುಷಿಯೇ ಪಟ್ಟೆ ಅಂದರೆ ನೋಡಿ!

ಆರು ತಿಂಗಳ ಮೇಲೆ ಆ ಬೂದು ಅಕ್ಷರ. ಅಂಗಡಿಗೆ ಫೋನ್ ಮಾಡಿದರೆ, “ಅದು ಒಮ್ಮೊಮ್ಮೆ ಹಾಗೆ ಅಕ್ಕ, ತನ್ನಿ, ಐನೂರಕ್ಕೆ ಪುನಃ ಹಾಕಿ ಕೊಡ್ತೇನೆ” ಅಂತ ಉತ್ತರ. ಒಮ್ಮೊಮ್ಮೆ ಅಂದರೆ ಎಂತ? ಗ್ಯಾಸ್ ಸಿಲಿಂಡರಾ ಇದು?

ಅಕ್ಕನ ಮಗ ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಾತ್ರಿ ಅವನಿಗೆ ಫೋನ್ ಹಚ್ಚಿದೆ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿಯೊಂದನ್ನು ತೆರೆಸಿ, ಎಸ್‌ಎಲ್‌ಎಂಜಿಆರ್ ಅಂತ ಜಾಗ ಬಿಡದೆ ಬರೆದು, ಆಮೇಲೆ ಜಾಗ ಬಿಟ್ಟು, ಓರೆಗೆರೆ ಹಾಕಿ ಡಿಎಲ್‌ವಿ ಅಂತ ಹೊಡೆಯಲು ಹೇಳಿದ. ಉದ್ದದ ಒಂದು ಪಟ್ಟಿ ಬಂತು. ಅದರಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಅಂತ ಇತ್ತು. ಕೆಳಗೆ ಯಾವುದೋ ಸರ್ವರಿನ ಹೆಸರು.

“ಚಿಕ್ಕಮ್ಮ, ನಿಮ್ಮ ಲೈಸೆನ್ಸ್ ಇದಕ್ಕೆ ಬರ್ಲೇ ಇಲ್ಲ. ಇದು ದೊಡ್ಡ ಕಂಪನಿಗಳಿಗೆ ಇರೋದು.”

ಅವನು ಬಿಡಿಸಿ ಹೇಳಿದ್ದು ಹೀಗೆ. ನೂರಾರು ಕಂಪ್ಯೂಟರ್ ಇರುವ ಕಡೆ ಒಂದೊಂದಕ್ಕೂ ಕೀ ಹೊಡೆಯುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಕಂಪನಿಯೊಳಗೇ ಒಂದು ಸರ್ವರ್ ಇರುತ್ತದೆ. ಉಳಿದ ಕಂಪ್ಯೂಟರುಗಳು ಆಗಾಗ ಅದರ ಹತ್ತಿರ ಹೋಗಿ ಹಾಜರಿ ಹಾಕಿ ಬರುತ್ತವೆ. ಒಮ್ಮೆ ಹಾಜರಿ ಹಾಕಿದರೆ 180 ದಿನ ನಡೆಯುತ್ತದೆ. ಅಷ್ಟರೊಳಗೆ ಸರ್ವರ್ ಮತ್ತೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ನನ್ನ ಯಂತ್ರವನ್ನು ಇಂಟರ್ನೆಟ್ಟಿನಲ್ಲಿ ಯಾರೋ ಇಟ್ಟ ಸರ್ವರಿಗೆ ಕಟ್ಟಿ ಹಾಕಿದ್ದರು. ಅದು ಹಾಕಿದ ಕೂಡಲೇ ಮಾಯವಾಗಿರಬೇಕು. ನವೆಂಬರಿನಿಂದ ಮೇ ತನಕ ಲೆಕ್ಕ ಹಾಕಿದೆ. ಸರಿಯಾಗಿಯೇ ಬಂತು.

ಇನ್ನೊಂದು ಸಂಗತಿಯೂ ಸಿಕ್ಕಿತು. ವೈರಸ್ ತಡೆಯುವ ಡಿಫೆಂಡರಿನಲ್ಲಿ ಒಂದು ಫೋಲ್ಡರನ್ನು ‘ಇದನ್ನು ನೋಡಬೇಡ’ ಅಂತ ಹೊರಗಿಟ್ಟಿದ್ದರು. ಕಳ್ಳ ಆ್ಯಕ್ಟಿವೇಶನ್ನಿನ ಸಾಮಾನು ಅದರೊಳಗೆ ಇತ್ತು. ನನಗೆ ನಿಜಕ್ಕೂ ಹೆದರಿಕೆ ಆದದ್ದು ಇಲ್ಲಿ. ಊರವರ ಆಧಾರ್, ಪಾಸ್‌ಬುಕ್, ಮಕ್ಕಳ ಸರ್ಟಿಫಿಕೇಟ್ ಎಲ್ಲ ಇದೇ ಯಂತ್ರದಲ್ಲಿ ಸ್ಕ್ಯಾನ್ ಆಗುವುದು. ಐನೂರು ಕೊಟ್ಟು ಮತ್ತೆ ಅದನ್ನೇ ಹಾಕಿಸಲು ಮನಸ್ಸು ಬರಲಿಲ್ಲ.

ಬೇಸರ ಎಂತದ್ದು ಅಂದರೆ, ನನ್ನ ಹಳೆಯ ಲೈಸೆನ್ಸನ್ನು ನಿಜವಾಗಿಯೂ ಹೊಸದಕ್ಕೆ ತರಬಹುದಿತ್ತು. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡದ್ದು ‘ರಿಟೇಲ್’. ಹಳೆಯ ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು, ಒಂದು ಸಲಕ್ಕೆ ಒಂದೇ ಯಂತ್ರ ಅಷ್ಟೆ. ವಿಂಡೋಸ್ 10ರ ಕೀ 11ಕ್ಕೂ ಆಗುತ್ತದೆ. ಲ್ಯಾಪ್‌ಟಾಪ್ ಕೊಳ್ಳುವಾಗ ಒಟ್ಟಿಗೆ ಬಂದದ್ದಾದರೆ ಅದು ‘ಒಇಎಂ’. ವಿಂಡೋಸ್ 8ರ ಕಾಲದಿಂದ ಅದರ ಕೀ ಮದರ್‌ಬೋರ್ಡಿನ ಒಳಗೇ ಇರುತ್ತದೆ. ಆ ಲ್ಯಾಪ್‌ಟಾಪಿನೊಟ್ಟಿಗೆ ಹುಟ್ಟಿ ಅದರೊಟ್ಟಿಗೇ ಹೋಗುವಂಥದ್ದು. ಅದನ್ನು ಬೇರೆ ಯಂತ್ರಕ್ಕೆ ಹಾಕಿ ಕೊಡ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ವಿಂಡೋಸ್ 7ರ ಹಳೆ ಸ್ಟಿಕ್ಕರ್ ತೋರಿಸಿ ಇದರಲ್ಲೇ ಹೊಸದು ಬರ್ತದೆ ಅನ್ನುವವರೂ ಇದ್ದಾರೆ. ಆ ದಾರಿ 2023ರ ಸೆಪ್ಟೆಂಬರಿನಲ್ಲೇ ಮುಚ್ಚಿತು.

ನನ್ನ ಕೀ ಎಲ್ಲಿ? ಹಳೆ ಹಾರ್ಡ್‌ಡಿಸ್ಕ್ ಕೇಳಿದರೆ ಗುಜರಿಗೆ ಹೋಯಿತು ಅಂದರು. ಮೈಕ್ರೋಸಾಫ್ಟ್ ಅಕೌಂಟಿಗೆ ಲೈಸೆನ್ಸ್ ಜೋಡಿಸಿ ಇಟ್ಟಿದ್ದರೆ, ಹೊಸ ಯಂತ್ರದಲ್ಲಿ ಲಾಗಿನ್ ಆಗಿ ‘ಹಾರ್ಡ್‌ವೇರ್ ಬದಲಿಸಿದ್ದೇನೆ’ ಅಂತ ಒತ್ತಿ ಪ್ರಯತ್ನಿಸಬಹುದಿತ್ತು. ನಾನು ಜೋಡಿಸಿರಲಿಲ್ಲ. ಉಳಿದದ್ದು ಪೆಟ್ಟಿಗೆಯ ಕಾರ್ಡ್ ಒಂದೇ. ಎರಡು ದಿನ ಅಟ್ಟ ಜಾಲಾಡಿದೆ. ಕೊನೆಗೆ 2017ರ ಬಿಲ್ಲುಗಳ ಫೈಲಿನಲ್ಲಿ, ಮಳೆಗಾಲದ ಪಸೆ ಹಿಡಿದು ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡು ಸಿಕ್ಕಿತು. ಬಿಡಿಸುವಾಗ ಶಾಯಿ ಎದ್ದು ಬಂತು. ಐದೈದರಂತೆ 25 ಅಕ್ಷರ. ಅದರಲ್ಲಿ ಮೂರು ಮಸುಕು.

ವೀಡಿಯೊ ಕಾಲಿನಲ್ಲಿ ಕಾರ್ಡ್ ಹಿಡಿದು ತೋರಿಸಿದೆ. “ಇದು ಝಡ್ಡಾ, ಎರಡಾ?” ಅಂದೆ. “ಎರಡು ಚಿಕ್ಕಮ್ಮ. ಈ ಕೀಯಲ್ಲಿ ಝಡ್ ಬರುವುದೇ ಇಲ್ಲ. ಸೊನ್ನೆ, ಒಂದು, ಐದು, ಎಸ್, ಓ ಒಂದೂ ಇಲ್ಲ.” ಓದುವಾಗ ಗೊಂದಲ ಆಗಬಾರದು ಅಂತ ಬಿಟ್ಟದ್ದಂತೆ. ಆದರೆ ಬಿ ಉಂಟು, ಎಂಟೂ ಉಂಟು! ಅವುಗಳ ಗೊಂದಲ ಯಾರಿಗೂ ಹೊಳೆಯಲಿಲ್ಲವಾ? ನನ್ನ ಉಳಿದೆರಡು ಮಸುಕೂ ಅದೇ. ಹಾಗೆ ಹೀಗೆ ಹಾಕಿ ನೋಡಿ, ಮೂರನೇ ಸಲಕ್ಕೆ ಕೀ ಸರಿ ಅಂತ ಒಪ್ಪಿಕೊಂಡಿತು. ಒಪ್ಪಿದರೂ ಕೆಲಸ ಆಗಲಿಲ್ಲ. ನನ್ನದು ಹೋಮ್ ಕೀ, ಯಂತ್ರದಲ್ಲಿ ಇರುವುದು ಪ್ರೊ. ಹೋಮ್ ಹಾಕಬೇಕಾದರೆ ಎಲ್ಲ ಅಳಿಸಿ ಮೊದಲಿಂದ ಹಾಕಬೇಕು.

ಮದುವೆ ಸೀಸನ್ನಿನ ನಡುವೆ ಎರಡು ರಾತ್ರಿ ಅದಕ್ಕೇ ಹೋಯಿತು. ವಿಂಡೋಸ್ ಹಾಕುವುದು ಒಂದು ಗಂಟೆಯ ಕೆಲಸ. ಫಾಂಟುಗಳದ್ದೇ ರಗಳೆ. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆ ಫಾಂಟು ಇಲ್ಲದೆ ಹಳೆಯ ಫೈಲು ತೆರೆದರೆ ಗಣಪತಿಯ ಶ್ಲೋಕ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ. ವರ್ಷಗಳಿಂದ ಕೂಡಿಸಿದ ಫಾಂಟುಗಳನ್ನು ಪೆನ್‌ಡ್ರೈವಿನಿಂದ ಒಂದೊಂದಾಗಿ ಹಾಕಿದೆ. ಎರಡು ಸಿಗಲೇ ಇಲ್ಲ.

ಕೊನೆಗೆ ಕೀ ಹೊಡೆದರೆ, ಇದು ಬೇರೆ ಯಂತ್ರದಲ್ಲಿ ಬಳಕೆಯಲ್ಲಿದೆ ಅಂತ ಬಂತು. ಇರುವುದೇ ಹೌದಲ್ಲ. ಸುಟ್ಟ ಯಂತ್ರದಿಂದ ತೆಗೆಯಲು ಆಗಿರಲಿಲ್ಲ. ಆಗ ಎಸ್‌ಎಲ್‌ಯುಐ ಬರೆದು ಜಾಗ ಬಿಟ್ಟು ನಾಲ್ಕು ಅಂತ ಹೊಡೆದು, ಫೋನಿನಲ್ಲಿ ಆ್ಯಕ್ಟಿವೇಟ್ ಮಾಡಿಸಿದೆವು. ಸ್ಕ್ರೀನಿನಲ್ಲಿ ಬಂದ 63 ಅಂಕಿಗಳನ್ನು ಏಳೇಳರಂತೆ ಫೋನಿಗೆ ಒತ್ತಬೇಕಿತ್ತು. ಎಷ್ಟು ಯಂತ್ರದಲ್ಲಿ ಹಾಕಿದ್ದೀರಿ ಅಂದರೆ ಒಂದು ಅನ್ನಬೇಕಿತ್ತು. ಆಮೇಲೆ ಅತ್ತಲಿಂದ 48 ಅಂಕಿ ಹೇಳಿದರು. ನಾನು ಬರೆದುಕೊಂಡದ್ದು ಅಲ್ಲೇ ಮೇಜಿನಲ್ಲಿದ್ದ ಹಾಳಾದ ಮದುವೆ ಕಾಗದದ ಹಿಂಬದಿಯಲ್ಲಿ. ಒತ್ತಿದೆ. ಬೂದು ಅಕ್ಷರ ಹೋಯಿತು.

ಇದನ್ನೆಲ್ಲ ಈಗ ಬರೆಯಲು ಕಾರಣ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿತು. ನಮ್ಮ ಕಡೆ ಶಾಲೆಯವರು, ಸೊಸೈಟಿಯವರು, ನನ್ನಂಥ ಅಂಗಡಿಯವರು ಎಲ್ಲ ಹೊಸ ಯಂತ್ರದ ಮಾತಿನಲ್ಲಿದ್ದಾರೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು, ಅದು ಇನ್ನೂ ಚಾಲೂ ಇರುವಾಗಲೇ, ಕಪ್ಪು ಕಿಟಕಿಯಲ್ಲಿ ಅದೇ ಎಸ್‌ಎಲ್‌ಎಂಜಿಆರ್ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಡಿಎಲ್‌ಐ ಅಂತ ಹೊಡೆದು ನೋಡಿ. ರಿಟೇಲ್ ಅಂತ ಬಂದರೆ ಕೀ ಎಲ್ಲಿದೆ ಅಂತ ಹುಡುಕಿ ಇಟ್ಟುಕೊಳ್ಳಿ, ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಹೊಸದು ಕೈಗೆ ಬಂದ ದಿನವೇ, ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ನಿಂತು ಡಿಎಲ್‌ಐ ಬದಲು ಎಕ್ಸ್‌ಪಿಆರ್ ಹೊಡೆಯಿರಿ. ಶಾಶ್ವತ ಅಂತ ಬಂದರೆ ಅರ್ಧ ನಿಶ್ಚಿಂತೆ. ತಾರೀಕು ಬಂದರೆ ಅದು ನಿಮ್ಮದಲ್ಲ. ಸೆಟ್ಟಿಂಗ್ಸಿನಲ್ಲಿ ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ’ ಅಂತ ಇಂಗ್ಲಿಷಿನಲ್ಲಿ ಕಂಡರೂ ಅಷ್ಟೆ. ನನ್ನದರಲ್ಲಿ ಮೊದಲ ದಿನದಿಂದ ಹಾಗೇ ಇತ್ತಂತೆ. ನಾನು, ಒಂದು ಜೆರಾಕ್ಸ್ ಮೆಷಿನ್. ಎಂಥ ಸಂಸ್ಥೆ?

ಕಾರ್ಡನ್ನು ಮರುದಿನವೇ ಲ್ಯಾಮಿನೇಟ್ ಮಾಡಿದೆ. ಇಷ್ಟು ವರ್ಷ ಊರವರ ರೇಶನ್ ಕಾರ್ಡೆಲ್ಲ ಲ್ಯಾಮಿನೇಟ್ ಮಾಡಿ ಕೊಟ್ಟಿದ್ದೇನೆ. ಮಸುಕಾದ ಮೂರು ಅಕ್ಷರಗಳ ಮೇಲೆ ಪೆನ್ನಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ: ಎರಡು, ಬಿ, ಎಂಟು ಅಂತ ಕನ್ನಡದಲ್ಲೇ. ಯಾವುದು ಯಾವ ಜಾಗದ್ದು ಅಂತ ಇಲ್ಲಿ ಹೇಳುವುದಿಲ್ಲ.