ಹಳೇ ಫ್ಯಾಕ್ಟರಿಯಲ್ಲಿ ಮದುವೆ ಇಡುತ್ತೀರಾ? ಮೊದಲು ಎರಡನೇ ಬಾಗಿಲು ಎಲ್ಲಿದೆ ನೋಡಿ

ಮುಂಬೈಯಲ್ಲಿ ಹಳೇ ಮಿಲ್ಲು, ಗೋಡೌನು, ಫ್ಯಾಕ್ಟರಿ ಶೆಡ್ಡುಗಳಲ್ಲಿ ವಿಂಟೇಜ್ ಮದುವೆ ಮಾಡುವುದು ಈಗ ಜೋರಾಗಿದೆ. ನಮ್ಮ ಕನ್ನಡದವರ ಮನೆಗಳಲ್ಲೂ ಮಕ್ಕಳು ಕೇಳುತ್ತಿದ್ದಾರೆ. ನೀವೂ ಅಂಥ ಜಾಗ ಹುಡುಕುತ್ತಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ ಭಾಂಡುಪ್ ಕಡೆಯ ಇಂಥದ್ದೇ ಒಂದು ಶೆಡ್ಡಿನಲ್ಲಿ ಆಯಿತು. ಮಾಂಗಲ್ಯಧಾರಣೆ ಮುಗಿದು ಸ್ವಲ್ಪ ಹೊತ್ತಿಗೆ ನಮ್ಮ ದೊಡ್ಡಪ್ಪನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಹುಷಾರಾಗಿದ್ದಾರೆ, ದೇವರು ದೊಡ್ಡವನು.

ತಂಗಿಯ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಅಜ್ಜ ಪರೇಲಿನ ಮಿಲ್ಲೊಂದರ ನೇಯ್ಗೆ ಖಾತೆಯಲ್ಲಿ ಇದ್ದವರು. 1982ರ ಮುಷ್ಕರದಲ್ಲಿ ಕೆಲಸ ಹೋಯಿತು, ಆಮೇಲೆ ಮಿಲ್ಲಿಗೆ ವಾಪಸ್ ಹೋಗಲೇ ಇಲ್ಲ. ಅಜ್ಜನ ಕಾಲದ ಥರದ ಜಾಗದಲ್ಲಿ ತಾಳಿ ಕಟ್ಟಿಸಿಕೊಳ್ಳಬೇಕು ಅಂತ ಅವಳಿಗೆ ನಿಜವಾಗಿ ಮನಸ್ಸಿತ್ತು. ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ, ಹಳದಿ ಬಲ್ಬು, ಗ್ರಾಮಫೋನು. ಜಾಗದವರು ತೋರಿಸಿದ ಫೋಟೋಗಳು ಚೆನ್ನಾಗಿಯೇ ಇದ್ದವು.

ಆ ಫೋಟೋಗಳೆಲ್ಲ ಸಂಜೆ ಏಳರ ಮೇಲೆ ತೆಗೆದವು. ಇಂಥ ಜಾಗಗಳನ್ನು ಅಣಿ ಮಾಡಿರುವುದೇ ರಾತ್ರಿ ಪಾರ್ಟಿಗೆ, ಶೂಟಿಂಗಿಗೆ. ನಮ್ಮ ಮದುವೆ ಬೆಳಗಿನ ಮುಹೂರ್ತದ್ದು. ಮೇ ತಿಂಗಳ ಮುಂಬೈ, ತಲೆ ಮೇಲೆ ಸಿಮೆಂಟ್ ಶೀಟಿನ ಮಾಡು. ಒಂಬತ್ತು ಗಂಟೆಗೇ ಒಳಗೆ ಕೂರಲು ಆಗುತ್ತಿರಲಿಲ್ಲ. ಅಡುಗೆಯವರಿಗೆ ಕೊಟ್ಟ ಜಾಗ ಹಿಂದಿನ ಓಣಿ, ನೆರಳಿಲ್ಲ, ನೀರಿಗೆ ಒಂದೇ ನಲ್ಲಿ. ಇಷ್ಟು ಜನಕ್ಕೆ ಇದ್ದ ಟಾಯ್ಲೆಟ್ಟೂ ಸಾಲಲಿಲ್ಲ. ಇವೆಲ್ಲ ಹೇಗೋ ನಡೆದುಹೋಗುತ್ತವೆ ಬಿಡಿ. ಹೇಳಬೇಕಾಗಿರುವುದು ಹೊಗೆಯ ವಿಷಯ.

ಹಳೇ ಕಾರ್ಖಾನೆಗಳ ಮಾಡು ಗರಗಸದ ಹಲ್ಲಿನ ಹಾಗೆ ಇರುತ್ತದೆ, ನೋಡಿದ್ದೀರಲ್ವಾ? ಪ್ರತಿ ಹಲ್ಲಿನ ನೆಟ್ಟಗಿನ ಭಾಗದಲ್ಲಿ ಗಾಜು, ಉತ್ತರಕ್ಕೆ ಮುಖ. ಬಿಸಿಲು ನೇರವಾಗಿ ಬೀಳದೆ ಬೆಳಕು ಮಾತ್ರ ಬರಲಿ ಅಂತ ಹಾಗೆ ಕಟ್ಟುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಅಲ್ಲೇ ತೆರೆಯುವ ಕಿಟಕಿಗಳೂ ಇದ್ದವು. ಅಲಂಕಾರದವರು ಅಷ್ಟಕ್ಕೂ ಕಪ್ಪು ಬಟ್ಟೆ ಹೊಡೆದು ಮುಚ್ಚಿದ್ದರು. ಕತ್ತಲಿದ್ದರೆ ಮಾತ್ರ ಹಳದಿ ಬಲ್ಬು ಚೆನ್ನಾಗಿ ಕಾಣುತ್ತದಂತೆ. ಗಾಳಿಗೆ ಉಳಿದಿದ್ದು ಎಕ್ಸಾಸ್ಟ್ ಫ್ಯಾನು ಮತ್ತು ಬಾಡಿಗೆ ಕೂಲರು.

ಆ ಬಲ್ಬುಗಳ ಕಥೆಯೂ ತಿಳಿದಿರಲಿ. ಒಳಗೆ ತಂತಿ ಕೆಂಪಗೆ ಕಾಣುವ ಹಳೇ ಮಾದರಿಯವು, ಒಂದೊಂದೂ 40 ವ್ಯಾಟ್. ಅಂಥ 200 ಬಲ್ಬು ಹಾಕಿದರೆ 8 ಕಿಲೋವ್ಯಾಟ್ ಆಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಬರೀ ಶಾಖ. ನೋಡಲು ಹಾಗೇ ಇರುವ ಎಲ್‌ಇಡಿ ಬಲ್ಬು ನಾಲ್ಕೈದು ವ್ಯಾಟಿನಲ್ಲೇ ಸಿಗುತ್ತದೆ. ಆದರೆ ಬಾಡಿಗೆಗೆ ಕೊಡುವವರ ಹತ್ತಿರ ಇದ್ದಿದ್ದು ಹಳೆಯದು, ಅದನ್ನೇ ತಂದು ಕಟ್ಟಿದರು. ಬಲ್ಬು, ಕೂಲರು, ಸೌಂಡು ಎಲ್ಲ ಒಂದೇ ಲೈನಿಗೆ. ಧಾರೆಗೆ ಸ್ವಲ್ಪ ಮುಂಚೆ ಮೇನ್ ಟ್ರಿಪ್ ಆಯಿತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದೆ, ಒಳಗೆ ಮೊಬೈಲ್ ಟಾರ್ಚ್ ಹಿಡಿದು ಧಾರೆ ಎರೆದೆವು. ಜನರೇಟರ್ ಇದೆ ಅಂದಿದ್ದ ಮ್ಯಾನೇಜರು ಆಗ ಹೇಳಿದ್ದು, ಅದು ಬೇರೆ ಪ್ಯಾಕೇಜು, ತರಿಸಬೇಕು ಅಂತ.

ಮುಹೂರ್ತ ಮೀರುವ ಹಾಗಿರಲಿಲ್ಲ. ತಾಳಿ ಕಟ್ಟಿಸಿ ಭಟ್ಟರು ಹೋಮ ಶುರು ಮಾಡಿದರು. ಫ್ಯಾನು ನಿಂತಿದೆ, ಮೇಲೆ ಬಟ್ಟೆ. ಲಾಜಾಹೋಮಕ್ಕೆ ಅರಳು ಹಾಕಿ ತುಪ್ಪ ಸುರಿಯುವ ಹೊತ್ತಿಗೆ ಹೊಗೆ ತಲೆ ಮಟ್ಟಕ್ಕೆ ಇಳಿದಿತ್ತು. ಭಟ್ಟರೇ ಕೈ ತಡೆದು, "ಮೊದಲು ಆ ಬಾಗಿಲು ತೆಗೆಸಿ, ಆಮೇಲೆ ಮಂತ್ರ" ಅಂದರು.

ಯಾವ ಬಾಗಿಲು? ಜನ ಬಂದಿದ್ದು ಮುಂದಿನ ಒಂದು ಸಣ್ಣ ಬಾಗಿಲಿನಿಂದ. ಇನ್ನೊಂದು ಕಡೆ ದೊಡ್ಡ ಶಟರ್ ಇತ್ತು. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಹಳೇ ಪ್ರೀಮಿಯರ್ ಪದ್ಮಿನಿ ಕಾರು ನಿಲ್ಲಿಸಿದ್ದರು, 2023ರಲ್ಲಿ ಮುಂಬೈ ರಸ್ತೆಯಿಂದ ಮರೆಯಾದ ಆ ಕಪ್ಪು ಹಳದಿ ಟ್ಯಾಕ್ಸಿ. ಟಯರಿಗೆ ಇಟ್ಟಿಗೆ ಕೊಟ್ಟಿತ್ತು. ಬಾನೆಟ್ ಮೇಲೆ ಟ್ರಂಕುಗಳು, ಅದರ ಮೇಲೆ ಹೂವು. ಶಟರಿನ ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಭಾವನವರ ಕಡೆಯ ಹುಡುಗರು ಕಾರನ್ನು ಎತ್ತಿ ಸರಿಸಿ, ಬೀಗ ಒಡೆದು ಶಟರ್ ಎತ್ತಿದರು. ಅಷ್ಟರಲ್ಲಿ ಮೊದಲೇ ದಮ್ಮಿನ ತೊಂದರೆ ಇದ್ದ ದೊಡ್ಡಪ್ಪ ಕುರ್ಚಿಯಲ್ಲೇ ಕುಸಿದಿದ್ದರು.

ಇದು ಬರೀ ಹೋಮದ ಹೊಗೆ. ಬೆಂಕಿಯೇ ಬಿದ್ದಿದ್ದರೆ? 2017ರ ಡಿಸೆಂಬರ್ 28ರ ನಡುರಾತ್ರಿ ದಾಟಿದ ಮೇಲೆ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಪಬ್ಬುಗಳಲ್ಲಿ 14 ಜನ ಸತ್ತರಲ್ಲ, ಹೆಚ್ಚಿನವರ ಜೀವ ತೆಗೆದಿದ್ದು ಹೊಗೆ. ಟಾಯ್ಲೆಟ್ಟಿನೊಳಗೆ ಹೋಗಿ ನಿಂತವರು ಅಲ್ಲೇ ಉಳಿದುಹೋದರು. ಅದೂ ಹಳೇ ಮಿಲ್ಲಿನ ಜಾಗವೇ.

ಹೋಮದ ವಿಷಯ ನಾವು ಮೊದಲ ದಿನವೇ ಹೇಳಿದ್ದೆವು. "ಪೂಜೆ ಏನು ಬೇಕಾದರೂ ಮಾಡಿ" ಅಂದಿದ್ದರು. ಆಮೇಲೆ ಕಳಿಸಿದ ಬಿಲ್ಲಿನಲ್ಲಿ ಇಟ್ಟಿಗೆ ಗೋಡೆಗೆ ಹೊಗೆ ಹಿಡಿದಿದೆ ಅಂತ ಡಿಪಾಸಿಟ್ ಮುರಿದುಕೊಂಡರು. ಫೈರ್ ಪೇಪರ್ ಇದೆಯಾ ಅಂತ ಬುಕ್ ಮಾಡುವಾಗ ಕೇಳಿದ್ದಕ್ಕೆ "ಎಲ್ಲಾ ಇದೆ ಸರ್" ಅಂದರು. ಇವತ್ತಿನವರೆಗೂ ತೋರಿಸಿಲ್ಲ.

ಈ ಪೇಪರಿನ ಮಾತು ಬಾಯಲ್ಲಿ ಒಪ್ಪಿಕೊಳ್ಳಬೇಡಿ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತೆ ಕಾಯ್ದೆ ಪ್ರಕಾರ ಕಟ್ಟಡದವರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಲೈಸೆನ್ಸ್ ಇರುವ ಏಜೆನ್ಸಿಯಿಂದ ಫಾರ್ಮ್ ಬಿ ಸರ್ಟಿಫಿಕೇಟ್, ಅಂದರೆ ಬೆಂಕಿ ಸುರಕ್ಷತೆಯ ವ್ಯವಸ್ಥೆ ಸರಿಯಾಗಿದೆ ಅನ್ನುವ ಪತ್ರ, ಮಾಡಿಸಿ ಕೊಡಬೇಕು. ಅದರ ಪ್ರತಿ ಕೇಳಿ, ತಾರೀಖು ನೋಡಿ. ಕೊಡದಿದ್ದರೆ ಜಾಗ ಎಷ್ಟೇ ಚಂದ ಇರಲಿ, ಎದ್ದು ಬನ್ನಿ. ಕೊಟ್ಟರೆ ನಿಮ್ಮ ಮುಹೂರ್ತದ ಹೊತ್ತಿಗೆ ಹೋಗಿ ಅಲ್ಲಿ ಒಂದು ಗಂಟೆ ಸುಮ್ನೆ ಕೂತು ನೋಡಿ. ಎರಡನೇ ಬಾಗಿಲನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಹೋಮಕ್ಕೆ ಒಪ್ಪಿಗೆ, ಜನರೇಟರ್, ಎಷ್ಟು ಕಿಲೋವ್ಯಾಟ್ ಲೋಡ್ ಸಿಗುತ್ತದೆ ಅನ್ನುವುದು, ಬಾಗಿಲಿನ ಮುಂದೆ ಏನೂ ಇಡಬಾರದು ಅನ್ನುವುದು, ಎಲ್ಲ ಕರಾರಿನಲ್ಲೇ ಬರೆಸಿ. ಅಲಂಕಾರದವರಿಗೂ ಇದೇ ಕರಾರು ತೋರಿಸಿ, ಯಾಕೆಂದರೆ ಜಾಗದವರು ಅವರ ಮೇಲೆ ಹಾಕುತ್ತಾರೆ, ಅವರು ಜಾಗದವರ ಮೇಲೆ ಹಾಕುತ್ತಾರೆ. ನಮಗೆ ಆಗಿದ್ದೂ ಅದೇ. ಇನ್ನು ನನ್ನ ಮಟ್ಟಿಗೆ ಹೇಳುವುದಾದರೆ, ಹೋಮ, ಧಾರೆ ಎಲ್ಲ ಗಾಳಿಯಾಡುವ ಸಾದಾ ಹಾಲಿನಲ್ಲಿ ಮುಗಿಸಿ, ರಿಸೆಪ್ಶನ್ ಮಾತ್ರ ಇಂಥ ಕಡೆ ಇಟ್ಟುಕೊಳ್ಳುವುದೇ ವಾಸಿ.

ಬಿಲ್ಲು, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇರುತ್ತದೆ. ನಾವು ಡಿಪಾಸಿಟ್ಟಿಗಾಗಿ ದೂರು ಕೊಟ್ಟಿದ್ದೇವೆ, ಉತ್ತರ ಬರಬೇಕು. ಆ ಶಟರ್ ಮತ್ತು ಕಾರಿನ ಫೋಟೋಗಳನ್ನು ಮಾತ್ರ ಅದಕ್ಕೂ ಮೊದಲೇ ಅಗ್ನಿಶಾಮಕ ದಳಕ್ಕೆ ಕಳಿಸಿದೆವು. ಮುಂದಿನ ಲಗ್ನದ ಸೀಸನ್ನಿಗೆ ಆ ಜಾಗವನ್ನು ಈಗಾಗಲೇ ಇನ್ಯಾರೋ ಬುಕ್ ಮಾಡಿರುತ್ತಾರೆ.