ಜೈಪುರದ ಜಂತರ್ ಮಂತರ್: ಗೈಡ್ ನೋಡಿ ಆರಿಸಿಕೊಳ್ಳಿ

ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಜೈಪುರಕ್ಕೆ ಹೋಗಿದ್ದೆ. ಅಲ್ಲಿನ ಹಳೆಯ ಖಗೋಳ ವೀಕ್ಷಣಾಲಯ ಜಂತರ್ ಮಂತರ್‌ಗೆ ಎರಡು ದಿನ ಹೋಗಬೇಕಾಯಿತು. ಯಾಕಂದ್ರೆ ಮೊದಲ ದಿನ ಸಿಕ್ಕ ಗೈಡ್ ನಮ್ಮನ್ನು ಸೀದಾ ರಾಶಿವಲಯ ಯಂತ್ರಗಳ ಹತ್ತಿರ ಕರೆದೊಯ್ದು, ನಿಮ್ಮ ರಾಶಿ ಯಾವುದು ಅಂತ ಕೇಳಿ, ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಒಂದಿಷ್ಟು ಭವಿಷ್ಯ ಹೇಳಿ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿಬಿಟ್ಟರು. ತುಂಬಾ ಬೇಜಾರಾಯಿತು.

ಮರುದಿನ ಸಿಕ್ಕವರು ವಯಸ್ಸಾದವರು. ಸಮ್ರಾಟ್ ಯಂತ್ರದಿಂದ ಶುರು ಮಾಡಿದರು. 27 ಮೀಟರ್ ಎತ್ತರದ ನೆರಳು ಗಡಿಯಾರ ಅದು. ಅದರ ಇಳಿಜಾರು ಜೈಪುರದ ಅಕ್ಷಾಂಶದಷ್ಟೇ, ಸುಮಾರು 27 ಡಿಗ್ರಿ, ಹಾಗಾಗಿ ನೇರ ಧ್ರುವದ ಕಡೆಗೆ ಮುಖ ಮಾಡಿದೆ. ನೆರಳು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ನೋಡ್ತಾ ನೋಡ್ತಾ ಗೆರೆ ದಾಟುತ್ತದೆ! 2 ಸೆಕೆಂಡಿನಷ್ಟು ನಿಖರ ಅಂತಾರಲ್ಲ, ಗೆರೆಗಳು ಅಷ್ಟು ಸಣ್ಣಕ್ಕಿರುವುದು ನಿಜ, ಆದರೆ ಸೂರ್ಯ ಚುಕ್ಕೆಯಲ್ಲ, ತಟ್ಟೆ, ಅದಕ್ಕೇ ನೆರಳಿನ ಅಂಚು ಮಸುಕಾಗುತ್ತದೆ. ಗೈಡ್ ಇದನ್ನು ತಾವಾಗಿಯೇ ಹೇಳಿದರು. ನನಗೆ ಇಷ್ಟವಾದದ್ದೇ ಅದು.

ಯಂತ್ರ ತೋರಿಸಿದ ಸಮಯಕ್ಕಿಂತ ಅಮ್ಮನ ವಾಚು ಸುಮಾರು 41 ನಿಮಿಷ ಮುಂದಿತ್ತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಜೈಪುರ ಅದರ ಪಶ್ಚಿಮಕ್ಕಿದೆ, ಅದಕ್ಕೆ 27 ನಿಮಿಷ. ಫೆಬ್ರವರಿಯಲ್ಲಿ ಸೂರ್ಯನೇ ತಡ ಮಾಡುವುದಕ್ಕೆ ಇನ್ನೊಂದು 14.

ದಿನಾ ಪಂಚಾಂಗ ನೋಡುವ ಅಮ್ಮ ಅಲ್ಲೇ ಕೇಳಿದಳು, "ಹಾಗಾದ್ರೆ ತಿಥಿಯನ್ನೂ ಹೀಗೇ ಅಳೀತಿದ್ರಾ?" ಹೌದು. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅಳತೆ ತಪ್ಪಿದರೆ ತಿಥಿ ತಪ್ಪಿತು, ತಿಥಿ ತಪ್ಪಿದರೆ ಮುಹೂರ್ತವೂ ತಪ್ಪಿತು. ಹಿಂದೆ ಆಕಾಶ ಅಳೆಯುವುದಕ್ಕೂ ಫಲ ಹೇಳುವುದಕ್ಕೂ ಜ್ಯೋತಿಷ ಅಂತ ಒಂದೇ ಹೆಸರು. ಆರನೇ ಶತಮಾನದ ಜ್ಯೋತಿಷಿ ವರಾಹಮಿಹಿರ ಗಣಿತ, ಹೋರಾ (ಜಾತಕ), ಸಂಹಿತಾ (ಶಕುನ, ಮಳೆ-ಬೆಳೆ ಇತ್ಯಾದಿ) ಮೂರನ್ನೂ ಅದರೊಳಗೇ ಸೇರಿಸಿದ್ದಾನೆ. ನನಗೆ ಫಲದಲ್ಲಿ ನಂಬಿಕೆ ಇಲ್ಲ. ಆದರೆ ಆ ಫಲದ ಆಸೆಯಿಂದಲೇ ಎಷ್ಟೋ ಜನ ರಾತ್ರಿಯೆಲ್ಲ ಆಕಾಶ ಅಳೆದರು ಅನ್ನುವುದನ್ನು ಮರೆಯೋಕೆ ಆಗಲ್ಲ.

ಜೈಪುರದ ರಾಜ ಸವಾಯಿ ಜೈಸಿಂಗ್ ಜಂತರ್ ಮಂತರ್ ಕಟ್ಟಿಸಿದ್ದು 1730ರ ಆಸುಪಾಸಿನಲ್ಲಿ. ಆಗ ಬಳಕೆಯಲ್ಲಿದ್ದ ಗ್ರಹಗತಿಯ ಕೋಷ್ಟಕಗಳು ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುತ್ತಿರಲಿಲ್ಲ. ಹಿತ್ತಾಳೆ ಯಂತ್ರಗಳು ಚಿಕ್ಕವು, ಸವೆಯುತ್ತವೆ ಅಂತ ಕಲ್ಲು ಗಾರೆಯಲ್ಲಿ ಕಟ್ಟಿಸಿದ.

ಕೊನೆಗೆ ಮತ್ತೆ ರಾಶಿವಲಯಕ್ಕೇ ಬಂದೆವು. ಒಟ್ಟು 12 ಯಂತ್ರ, ಒಂದೊಂದರ ಓರೆಯೂ ಬೇರೆ. ಒಂದು ರಾಶಿಯ ಮೊದಲ ಬಿಂದು ಆಕಾಶದಲ್ಲಿ ನೆತ್ತಿಯ ಮೇಲೆ ಹಾಯುವ ದಕ್ಷಿಣೋತ್ತರ ರೇಖೆ ದಾಟುವ ಹೊತ್ತಿಗೆ ಆ ರಾಶಿಯ ಯಂತ್ರದ ಸರದಿ. ಆಗ ಸೂರ್ಯ ಯಾವ ರಾಶಿಯಲ್ಲಿ ಎಷ್ಟು ಡಿಗ್ರಿಯಲ್ಲಿದ್ದಾನೆ ಅಂತ ನೆರಳಿನಿಂದಲೇ ಓದಬಹುದು. ಮೊದಲ ದಿನ ನಾವು ಇದಕ್ಕೆ ಬೆನ್ನು ಹಾಕಿ ಫೋಟೋಗೆ ನಿಂತಿದ್ದೆವು, ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಜಾಗಕ್ಕೆ ಐದಕ್ಕೆ ಐದು. ಗೈಡ್ ಮಾಡಿಕೊಳ್ಳುವ ಮೊದಲು ಸಮ್ರಾಟ್ ಯಂತ್ರದಲ್ಲಿ ಸಮಯ ಓದಿ ತೋರಿಸ್ತೀರಾ ಅಂತ ಕೇಳಿ. ಮೋಡ ಇರುವ ದಿನ ಮಾತ್ರ ಬೇಡ, ನೆರಳೇ ಬೀಳಲ್ಲ. ನೆತ್ತಿ ಸುಡುತ್ತದೆ, ಟೋಪಿ ತಗೊಂಡು ಹೋಗಿ.